ಸೀಮೆ, ಎಣ್ಣೆ

ಗ್ಯಾಸಿನ ಪೈಪು ಈ ಗುಡ್ಡ ಹತ್ತಿ ಬಂದಿಲ್ಲ.
ಫರ್ಮ್ಯಾನಾ ಜಿಲ್ಲೆಯ ಈ ಮೂಲೆಗೆ
ಚಳಿಗಾಲ ಬರುವುದು ಟ್ಯಾಂಕರ್ ಲಾರಿಯ ಬೆನ್ನಿಗೇ.
ಮನೆಮನೆಯ ಹಿತ್ತಲಲ್ಲೂ ಒಂದು ಹಸಿರು ಪ್ಲಾಸ್ಟಿಕ್ ಹೊಟ್ಟೆ,
ಅದರ ತುಂಬ ಸೀಮೆಎಣ್ಣೆ.

ನನ್ನ ಕೆಲಸ ಆ ಹೊಟ್ಟೆಗಳನ್ನು ತಟ್ಟಿ ನೋಡುವುದು.
ಟೇಪು, ಟಾರ್ಚು, ಮಟ್ಟಗೋಲು, ಒಂದು ಫಾರಮ್ಮು.
ಇಪ್ಪತ್ತಾರು ವರ್ಷದಿಂದ ನನ್ನ ಕೋಟಿನ ವಾಸನೆಗೆ
ಪಬ್ಬಿನಲ್ಲಿ ಪಕ್ಕದ ಕುರ್ಚಿ ಖಾಲಿ.

ಬ್ರೋನಾ ಮೆಕ್‌ಗರ್ಕ್ ಬಾಗಿಲಲ್ಲೇ ನಿಂತಿದ್ದಳು,
ಕೈಯಲ್ಲಿ ವಿಮೆಯವರ ಕಾಗದ:
ಪ್ರಮಾಣಪತ್ರ ಇಲ್ಲದೆ ಸೋರಿದರೆ ನಮಗೆ ಸಂಬಂಧವಿಲ್ಲ.
ಟ್ಯಾಂಕು ಕೂರಿಸಿದವನು ಅಕ್ಕನ ಮಗ ಕೊಲಮ್,
ಈಗ ನಾರ್ವೆಯಲ್ಲಿ, ಮೀನಿನ ದೋಣಿಯಲ್ಲಿ.
"ಹುಡುಗ ಜಾಣ," ಅಂದಳು.
ನಾನು ಮೊಣಕಾಲೂರಿ ಟಾರ್ಚು ಬಿಟ್ಟೆ.

ಜಾಣನೇ.
ಕಾಂಕ್ರೀಟು ಮಟ್ಟವಾಗಿದೆ, ಬಿರುಕಿಲ್ಲ.
ಟ್ಯಾಂಕಿನ ಹೊರಗೊಂದು ಟ್ಯಾಂಕು,
ಒಳಗಿನದು ಒಡೆದರೆ ಹೊರಗಿನದು ಕುಡಿಯಲಿ ಎಂದು.
ಬೆಂಕಿಯ ಬಿಸಿ ತಾಗಿದರೆ ತಾನೇ ಕದ ಹಾಕಿಕೊಳ್ಳುವ ವಾಲ್ವು.
ಗೋಡೆಗೆ ಎರಡು ಮೀಟರ್. ಹಳ್ಳ ದೂರವೇ ಇದೆ.
ಒಂದೊಂದಕ್ಕೂ ಗುರುತು ಹಾಕುತ್ತ ಬಂದೆ.

ಕೊನೆಯ ಚೌಕ: ಗಡಿಯಿಂದ ಅಂತರ.
ಬೇಕಾದದ್ದು ಏಳುನೂರ ಅರವತ್ತು ಮಿಲಿಮೀಟರ್.
ಇದ್ದದ್ದು ಏಳುನೂರ ನಲವತ್ತು.
ಟೇಪು ಬಿಟ್ಟು ಮತ್ತೆ ಎಳೆದೆ. ನಲವತ್ತು.
ಹೆಬ್ಬೆರಳಗಲ ಕಮ್ಮಿ.
ಸೀಮೆಎಣ್ಣೆಗೆ ಸೀಮೆಯೇ ತೊಡಕು.

"ಬೇಲಿ ಅವನದು," ಅಂದಳು.
ಅವನು ಎಂದರೆ ಸ್ಯಾಮ್ಸನ್ ಎಲಿಯಟ್.
ಇಬ್ಬರೂ ಭಾನುವಾರ ಹೋಗುವ ಚರ್ಚು ಬೇರೆ,
ಊರನ್ನು ಕೇಳಿದರೆ ಅದನ್ನೇ ಹೇಳುತ್ತದೆ.
ನಿಜವಾದ ಕಾರಣ ಒಂದು ಅಲ್ಯೂಮಿನಿಯಂ ಏಣಿ,
ಹನ್ನೊಂದು ವರ್ಷದ ಹಿಂದೆ ಎರವಲು ಹೋದದ್ದು,
ಕೊಟ್ಟೆನೆಂದು ಅವನು, ಬಂದಿಲ್ಲವೆಂದು ಇವಳು.
ಅಂದಿನಿಂದ ಕಸದ ಡಬ್ಬಿಗಳೂ
ಮುಖ ತಿರುಗಿಸಿಕೊಂಡೇ ನಿಲ್ಲುತ್ತವೆ.

"ಇಪ್ಪತ್ತು ಮಿಲಿಮೀಟರ್!
ಬೆಂಕಿ ಅಷ್ಟು ಸಣ್ಣಕ್ಷರ ಓದುತ್ತದೆಯೇ?"
ಓದುವುದಿಲ್ಲ. ನನಗೂ ಗೊತ್ತು.
ಆದರೆ ಪೆನ್ನು ಇವತ್ತು ಹೆಬ್ಬೆರಳಿಗೆ ಬಾಗಿದರೆ
ನಾಳೆ ಗೇಣಿಗೆ, ನಾಡಿದ್ದು ಮೊಳಕ್ಕೆ.
ಒಮ್ಮೆ ಬಾಗಿಸಿದ್ದೆ, ಬೆಲೀಕ್ ರಸ್ತೆಯ ಒಂದು ಶೆಡ್ಡಿಗೆ.
ಆ ಶೆಡ್ಡು ಈಗಿಲ್ಲ. ಅದರ ಕಥೆ ಇಲ್ಲಿ ಬೇಡ.

ಟ್ಯಾಂಕು ಸರಿಸಬೇಕು, ಇಲ್ಲವೇ
ಬೆಂಕಿ ತಡೆಯುವ ಗೋಡೆ ಎಬ್ಬಿಸಬೇಕು ಎಂದೆ.
ಚಹಾ ಆರುವವರೆಗೂ ಅವಳು ಮನಸ್ಸಿನಲ್ಲೇ ಕೂಡಿದಳು, ಕಳೆದಳು.
ಬೇಲಿಯ ಆಚೆ, ಹಲಗೆಗಳ ಮೇಲೆ,
ಒಂದು ಟೋಪಿ
ಅಲುಗಾಡದೆ ನಿಂತಿತ್ತು.

ಮೂರನೇ ಮಂಗಳವಾರ ಫೋನು:
"ಬಂದು ಇನ್ನೊಮ್ಮೆ ಅಳೆಯಿರಿ."
ಟ್ಯಾಂಕು ಅಲ್ಲೇ. ಕಾಂಕ್ರೀಟು ಅಲ್ಲೇ.
ಬೇಲಿಯ ಕಂಬ, ಅಡ್ಡಪಟ್ಟಿ ಅಲ್ಲೇ.
ಟ್ಯಾಂಕಿನೆದುರಿನ ಒಂಬತ್ತು ಹಲಗೆಗಳು ಮಾತ್ರ
ಪಟ್ಟಿಯ ಈ ಮಗ್ಗುಲು ಬಿಟ್ಟು ಆ ಮಗ್ಗುಲು ಸೇರಿದ್ದವು.
ಹಳೆಯ ಮೊಳೆಗಳ ತೂತುಗಳು
ಕಣ್ಣು ಬಿಟ್ಟುಕೊಂಡು ಇತ್ತಲೇ ನೋಡುತ್ತಿದ್ದವು.
ಏಳುನೂರ ಅರವತ್ತೆರಡು.

"ಅವನನ್ನು ಕೇಳಿದಿರಾ?"
"ಇಲ್ಲ."
"ಅವನೇ ಹೇಳಿದನೇ?"
"ಅವನೆಲ್ಲಿ ಮಾತಾಡುತ್ತಾನೆ.
ಕತ್ತಲಾದ ಮೇಲೆ ಸುತ್ತಿಗೆ ಸದ್ದು ಕೇಳಿತು, ಅಷ್ಟೆ."

ಬೇಲಿ ಎದ್ದು ಹೊಲ ಮೇಯ್ದ ಮಾತು ಎಲ್ಲರಿಗೂ ಗೊತ್ತು.
ಬೇಲಿ ಎದ್ದು, ನೆರೆಯವಳ ಚಳಿ ನೋಡಿ,
ಹೆಬ್ಬೆರಳಷ್ಟು ಹಿಂದೆ ಸರಿದು ಕೂತದ್ದಕ್ಕೆ
ಗಾದೆ ಇನ್ನೂ ಹುಟ್ಟಿಲ್ಲ.

ಗಡಿ ಎಂದರೆ ಹಲಗೆಯಲ್ಲ, ನಕ್ಷೆಯ ಮೇಲಿನ ಗೆರೆ,
ಎಂದು ವಕೀಲರು ವಾದ ಹೂಡಬಹುದು.
ನಕ್ಷೆ ಯಾರೂ ತರಲಿಲ್ಲ.
ನಾನು ಕೇಳಲೂ ಇಲ್ಲ.
ಅಂಕಿ ಬರೆದೆ, ಸಹಿ ಮಾಡಿದೆ.
ಇತರ ಷರಾ ಎಂಬಲ್ಲಿ ಪೆನ್ನು ತುಸು ಹೊತ್ತು ನಿಂತು
ಅಡ್ಡಗೆರೆ ಎಳೆದು ಮುಂದೆ ಹೋಯಿತು.

ಹೊರಡುವಾಗ ವ್ಯಾನಿನ ಕನ್ನಡಿಯಲ್ಲಿ ಕಂಡೆ:
ಬಾಯ್ಲರಿನ ಕೊಳವೆಯಿಂದ ವರ್ಷದ ಮೊದಲ ಆವಿ
ಬೇಲಿ ದಾಟಿ ಎಲಿಯಟ್‌ನ ಮಾಡಿನತ್ತ ಹೊರಟಿತ್ತು.
ಅಲ್ಲಿ ಕಟ್ಟಿಗೆಮನೆಗೆ ಒರಗಿ
ಒಂದು ಏಣಿ, ಅಲ್ಯೂಮಿನಿಯಮ್ಮಿನದು.
ಯಾರದೋ,
ನನಗೆ ತಿಳಿಯದು.